ಅಮೆರಿಕದ ಕಾಲೇಜಲ್ಲಿ ಹಿಸ್ಟರಿ ಓದೋದು ಹೇಗೆ: ಬಾಯಿಪಾಠ ಮಾಡಿ ಬಂದವರಿಗೆ

ಇಲ್ಲಿಗೆ ಅಂಡರ್‌ಗ್ರಾಡ್ ಓದೋಕೆ ಬರೋ ನಮ್ಮ ಹುಡುಗ್ರು ಹುಡುಗೀರು ಹೆಚ್ಚಿನವರು ಕಂಪ್ಯೂಟರ್ ಸೈನ್ಸೋ ಬಿಸಿನೆಸ್ಸೋ ಅಂತ ಬಂದಿರ್ತಾರೆ, ಅಡ್ವೈಸರ್ ಮುಂದೆ ಕೂತು ಡಿಗ್ರಿ ಪ್ಲಾನ್ ನೋಡಿದಾಗ್ಲೇ ಗೊತ್ತಾಗೋದು ಅದರೊಳಗೆ ಹಿಸ್ಟರಿನೂ ಇದೆ ಅಂತ. ಟೆಕ್ಸಾಸಲ್ಲಿ ಸರ್ಕಾರಿ ಕಾಲೇಜು ಯೂನಿವರ್ಸಿಟಿಗಳಲ್ಲಿ ಯಾವ ಡಿಗ್ರಿ ಮಾಡಿದ್ರೂ 6 ಕ್ರೆಡಿಟ್ ಅಮೆರಿಕನ್ ಹಿಸ್ಟರಿ ಆಗ್ಲೇಬೇಕು ಅಂತ ಕಾನೂನೇ ಇದೆ, ಅಂದ್ರೆ ಎರಡು ಕೋರ್ಸು. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಗಳಲ್ಲೂ ಇಲ್ಲಿನ ಇತಿಹಾಸ, ಸಂವಿಧಾನ ಓದಬೇಕು ಅನ್ನೋ ರೂಲ್ ಇದೆ. ಬೇರೆ ಕಡೆ ಜನರಲ್ ಎಜುಕೇಶನ್ (ಯಾವ ಡಿಗ್ರಿಯವರೂ ಓದಬೇಕಾದ ಕೋರ್ಸುಗಳು) ಲಿಸ್ಟಲ್ಲಿ ಅಮೆರಿಕನ್ ಹಿಸ್ಟರಿನೋ ವರ್ಲ್ಡ್ ಹಿಸ್ಟರಿನೋ ಬಂದು ಕೂತಿರುತ್ತೆ. ಎಸ್ಸೆಸ್ಸೆಲ್ಸಿಗೇ ಸಮಾಜ ವಿಜ್ಞಾನಕ್ಕೆ ಕೈ ಮುಗಿದು ಬಂದವರಿಗೆ ಇದು ತಲೆನೋವು ಅನ್ಸೋದು ಸಹಜ.

ನಾನು ಇಲ್ಲಿ ಟಿಎ, ಅಂದ್ರೆ ಪ್ರೊಫೆಸರಿಗೆ ಸಹಾಯ ಮಾಡೋ ಟೀಚಿಂಗ್ ಅಸಿಸ್ಟೆಂಟ್ ಆಗಿ ಇಂಥ ಕೋರ್ಸುಗಳ ಪೇಪರ್ ತಿದ್ದಿದೀನಿ, ಇಂಡಿಯಾದಿಂದ ಬಂದವರ ಉತ್ತರ ನೋಡಿದ ತಕ್ಷಣ ಗೊತ್ತಾಗ್ಬಿಡುತ್ತೆ, ಯಾಕಂದ್ರೆ ಅದು ನಮ್ಮ ಹಳೇ ಸ್ಟೈಲಲ್ಲೇ ಇರುತ್ತೆ: ಕಾರಣಗಳು, ಒಂದು ಎರಡು ಮೂರು, ಪರಿಣಾಮಗಳು, ಒಂದು ಎರಡು ಮೂರು. ಎಲ್ಲಾ ಸರಿಯಾಗೇ ಇರುತ್ತೆ, ಇಸವಿನೂ ಸರಿ ಹೆಸರೂ ಸರಿ, ಆದ್ರೂ ಬಿ ಮೈನಸ್. ಕಾರಣ ಇಷ್ಟೇ, ಇಲ್ಲಿ ಕೇಳೋದು "ಏನಾಯ್ತು" ಅಂತ ಅಲ್ಲ, "ಯಾಕೆ ಹಾಗಾಯ್ತು ಅಂತ ನೀನು ಹೇಳ್ತೀಯ, ಅದಕ್ಕೆ ಸಾಕ್ಷಿ ಏನು" ಅಂತ. ಇದೊಂದು ತಲೆಗೆ ಹೋದ್ರೆ ಅರ್ಧ ಕೆಲಸ ಆದ ಹಾಗೆ.

ಮೊದಲು ಕೋರ್ಸ್ ಆರಿಸೋ ವಿಷಯ. ಅಮೆರಿಕನ್ ಹಿಸ್ಟರಿ ಸರ್ವೇ, ಅಂದ್ರೆ ಇಡೀ ಇತಿಹಾಸದ ಪರಿಚಯದ ಕೋರ್ಸು, ಸಾಮಾನ್ಯವಾಗಿ ಎರಡು ಭಾಗ, ಮೊದಲನೇದು 1865 ಅಥವಾ 1877ರ ತನಕ, ಎರಡನೇದು ಅಲ್ಲಿಂದ ಈಚೆಗೆ. 1865 ಅಂದ್ರೆ ಉತ್ತರ ದಕ್ಷಿಣದ ರಾಜ್ಯಗಳ ನಡುವಿನ ಸಿವಿಲ್ ವಾರ್ ಮುಗಿದ ವರ್ಷ, 1877 ಅಂದ್ರೆ ಅದಾದ ಮೇಲೆ ದಕ್ಷಿಣನ ಮತ್ತೆ ಒಕ್ಕೂಟಕ್ಕೆ ಸೇರಿಸ್ಕೊಂಡ ರೀಕನ್‌ಸ್ಟ್ರಕ್ಷನ್ ಕಾಲ ಮುಗಿದು ದಕ್ಷಿಣದ ರಾಜ್ಯಗಳಿಂದ ಫೆಡರಲ್ ಸೈನ್ಯ ಕೈ ತೆಗೆದ ವರ್ಷ. ವರ್ಲ್ಡ್ ಹಿಸ್ಟರಿನ ಸುಮಾರಾಗಿ 1500ರ ಹತ್ರ ಕತ್ತರಿಸ್ತಾರೆ. ಯಾವುದು ತಗೋಬೇಕು ಅಂತ ಆಯ್ಕೆ ಇದ್ರೆ ನಾನು ಹೇಳೋದು 1500ರ ನಂತರದ ವರ್ಲ್ಡ್ ಹಿಸ್ಟರಿ ಮೊದಲು ತಗೊಳ್ಳಿ ಅಂತ, ಅದ್ರಲ್ಲಿ ಈಸ್ಟ್ ಇಂಡಿಯಾ ಕಂಪನಿ, ಮೊಘಲರು, ವಸಾಹತುಗಳು ಎಲ್ಲಾ ಬರೋದ್ರಿಂದ ಕಾಲೂರೋಕೆ ಒಂದಿಷ್ಟು ಜಾಗ ಇರುತ್ತೆ. ಕ್ಲೆಪ್ ಅಂತ ಕಾಲೇಜ್ ಬೋರ್ಡ್‌ನವರ ಎಕ್ಸಾಮ್ ಬರೆದು ಕ್ರೆಡಿಟ್ ತಗೊಳ್ಳೋ ದಾರಿನೂ ಇದೆ, ಆದ್ರೆ ನಿಮ್ಮ ಕಾಲೇಜು ಅದನ್ನ ಒಪ್ಪುತ್ತಾ ಅಂತ ಮೊದ್ಲೇ ಕೇಳಿಕೊಳ್ಳಿ, ಎಲ್ಲರೂ ಒಪ್ಪಲ್ಲ.

ಸಿಲಬಸ್ ಸಿಕ್ಕ ದಿನವೇ ಪೂರ್ತಿ ಓದಿ. ನಮ್ಮಲ್ಲಿ ಸಿಲಬಸ್ ಅಂದ್ರೆ ಪಾಠಗಳ ಪಟ್ಟಿ, ಇಲ್ಲಿ ಅದು ಪ್ರೊಫೆಸರ್ ನಿಮ್ಮ ಜೊತೆ ಮಾಡಿಕೊಂಡ ಒಪ್ಪಂದ ಇದ್ದ ಹಾಗೆ: ಯಾವ ವಾರ ಏನು ಓದಬೇಕು, ಪೇಪರ್ (ಮನೇಲಿ ಬರೆದು ಕೊಡೋ ಪ್ರಬಂಧ) ಯಾವತ್ತು, ಲೇಟ್ ಆದ್ರೆ ಎಷ್ಟು ಮಾರ್ಕ್ಸ್ ಕಟ್, ಡಿಸ್ಕಷನ್‌ಗೆ ಎಷ್ಟು ಪರ್ಸೆಂಟ್, ಎಐ ಟೂಲ್ ಬಳಸಬಹುದಾ ಬಾರದಾ, ಎಲ್ಲಾ ಅದರಲ್ಲೇ ಇರುತ್ತೆ. ಡಿಸ್ಕಷನ್‌ಗೆ ಮಾರ್ಕ್ಸ್ ಅಂದ್ರೆ ನಿಜವಾಗ್ಲೂ ಮಾರ್ಕ್ಸ್, ಹಿಂದಿನ ಬೆಂಚಲ್ಲಿ ಸುಮ್ನೆ ಕೂತ್ರೆ ಹೋಯ್ತು ಅಂತಾನೇ.

ಓದೋದು. ವಾರಕ್ಕೆ ಒಂದು ಟೆಕ್ಸ್ಟ್‌ಬುಕ್ ಚಾಪ್ಟರ್, ಜೊತೆಗೆ ಎರಡೋ ಮೂರೋ ಹಳೇ ದಾಖಲೆಗಳು, ಕೆಲವು ಕಡೆ ಒಬ್ಬ ಇತಿಹಾಸಕಾರ ಬರೆದ ಇಡೀ ಪುಸ್ತಕ. ಮೊದಲನೇ ಸಾಲಿಂದ ಕೊನೇ ಸಾಲಿನ ತನಕ ಹೈಲೈಟರ್ ಹಿಡ್ಕೊಂಡು ಓದೋಕೆ ಹೋದ್ರೆ ಮೂರನೇ ವಾರಕ್ಕೇ ಹಿಂದೆ ಬೀಳ್ತೀರ. ಟೆಕ್ಸ್ಟ್‌ಬುಕ್ ಚಾಪ್ಟರ್ ಆದ್ರೆ ಶುರುವಿನ ಪೀಠಿಕೆ, ಕೊನೇ ಭಾಗ, ಸಬ್‌ಹೆಡಿಂಗ್‌ಗಳು ಮೊದಲು ನೋಡಿ, ಆಮೇಲೆ ಒಳಗೆ ಹೋಗಿ. ಇತಿಹಾಸಕಾರರ ಪುಸ್ತಕ ಆದ್ರೆ ಇಂಟ್ರೊಡಕ್ಷನ್ ನಿಧಾನಕ್ಕೆ ಎರಡು ಸಲ ಓದಿ, ಆ ಮನುಷ್ಯ ಯಾರ ಜೊತೆ ಜಗಳ ಆಡ್ತಿದಾನೆ ಅನ್ನೋದು ಅಲ್ಲೇ ಇರುತ್ತೆ, "ಇಷ್ಟು ದಿನ ಎಲ್ಲರೂ ಹೀಗಂತಿದ್ರು, ನಾನು ಹಾಗಲ್ಲ ಅಂತೀನಿ" ಅನ್ನೋ ಒಂದು ಸಾಲು ಹುಡುಕಿ ಅದನ್ನ ನಿಮ್ಮ ಮಾತಲ್ಲಿ ಬರ್ಕೊಳ್ಳಿ. ಕನ್ನಡದಲ್ಲೇ ಬರ್ಕೊಳ್ಳಿ, ಏನೂ ತಪ್ಪಿಲ್ಲ, ಇಂಗ್ಲಿಷಲ್ಲಿ ಬರ್ಕೊಂಡ್ರೆ ಅವರ ಸಾಲೇ ಕಾಪಿ ಆಗಿರುತ್ತೆ, ಕನ್ನಡದಲ್ಲಿ ಬರೀಬೇಕಾದ್ರೆ ಅರ್ಥ ಮಾಡ್ಕೊಳ್ಳಲೇಬೇಕಾಗುತ್ತೆ. ಟೆಕ್ಸ್ಟ್‌ಬುಕ್ಕಿಗೆ ದುಡ್ಡು ಸುರಿಯೋ ಮುಂಚೆ ರೈಸ್ ಯೂನಿವರ್ಸಿಟಿಯ ಓಪನ್‌ಸ್ಟ್ಯಾಕ್ಸ್ ಸೈಟ್ ನೋಡಿ, ಅಮೆರಿಕನ್ ಹಿಸ್ಟರಿ ವರ್ಲ್ಡ್ ಹಿಸ್ಟರಿ ಎರಡೂ ಫ್ರೀಯಾಗಿ ಇದೆ.

ಈಗ ನಿಜವಾದ ಕೆಲಸಕ್ಕೆ ಬರೋಣ, ಪ್ರೈಮರಿ ಸೋರ್ಸ್. ಅಂದ್ರೆ ಆ ಕಾಲದವರೇ ಬರೆದ ಪತ್ರ, ಭಾಷಣ, ಕಾನೂನು, ಪೇಪರ್ ಸುದ್ದಿ, ಕೋರ್ಟ್ ತೀರ್ಪು. ನಮ್ಮ ಸ್ಕೂಲಲ್ಲಿ ಇದು ಇರಲೇ ಇಲ್ಲ, ಹಾಗಾಗಿ ಹೆಚ್ಚಿನವರು ಇದನ್ನ ಟೆಕ್ಸ್ಟ್‌ಬುಕ್ ತರ ಓದ್ತಾರೆ, ಬರೆದಿದ್ದೆಲ್ಲಾ ಸತ್ಯ ಅಂತ. ಹಾಗಲ್ಲ. ಇದನ್ನ ಯಾರು ಬರೆದ್ರು, ಯಾರಿಗೆ ಬರೆದ್ರು, ಯಾವಾಗ, ಅದರಿಂದ ಅವರಿಗೆ ಏನು ಲಾಭ, ಏನು ಹೇಳದೆ ಬಿಟ್ರು ಅಂತ ಕೇಳ್ತಾ ಓದಬೇಕು.

ಒಂದು ಉದಾಹರಣೆ ತಗೊಳ್ಳಿ. ಸಿವಿಲ್ ವಾರ್ ಯಾಕಾಯ್ತು ಅನ್ನೋ ಪ್ರಶ್ನೆ ಪ್ರತಿ ಸರ್ವೇ ಕೋರ್ಸಲ್ಲೂ ಬರುತ್ತೆ. ಕ್ಲಾಸಲ್ಲಿ ಒಬ್ಬನಾದ್ರೂ "ಗುಲಾಮಗಿರಿ ಅಲ್ಲ, ರಾಜ್ಯಗಳ ಹಕ್ಕಿಗಾಗಿ ಯುದ್ಧ ಆಯ್ತು" ಅಂತಾನೆ. ಅವನ ಜೊತೆ ವಾದ ಮಾಡೋಕೆ ಟೆಕ್ಸ್ಟ್‌ಬುಕ್ ಬೇಡ, ಸೌತ್ ಕೆರೊಲಿನಾ 1860ರ ಡಿಸೆಂಬರಲ್ಲಿ ಒಕ್ಕೂಟ ಬಿಟ್ಟು ಹೋಗುವಾಗ ತಾನೇ ಹೊರಡಿಸಿದ ಕಾರಣಗಳ ಘೋಷಣೆ ತೆಗೀರಿ, ಯೇಲ್ ಲಾ ಸ್ಕೂಲ್‌ನ ಆವಲಾನ್ ಪ್ರಾಜೆಕ್ಟ್ ಸೈಟಲ್ಲಿ ಪೂರ್ತಿ ಇದೆ. ಅದರಲ್ಲಿ ರಾಜ್ಯಗಳ ಹಕ್ಕಿನ ಮಾತು ಇದೆ, ನಿಜ. ಆದ್ರೆ ದೂರು ಏನು ನೋಡಿ: ಓಡಿಹೋದ ಗುಲಾಮರನ್ನ ಉತ್ತರದ ರಾಜ್ಯಗಳು ವಾಪಸ್ ಕೊಡ್ತಿಲ್ಲ, ಅದಕ್ಕೆ ಅಡ್ಡ ಬರೋ ಕಾನೂನು ಮಾಡಿಕೊಂಡಿವೆ, ನ್ಯೂಯಾರ್ಕ್ ಕೋರ್ಟುಗಳಂತೂ ಗುಲಾಮರನ್ನ ಕರ್ಕೊಂಡು ಆ ರಾಜ್ಯದ ಮೂಲಕ ಹಾದುಹೋಗೋಕೂ ಬಿಡ್ತಿಲ್ಲ. ಅಂದ್ರೆ ಉತ್ತರದ ರಾಜ್ಯಗಳು ತಮ್ಮ ಹಕ್ಕು ಚಲಾಯಿಸಿದ್ದೇ ಇವರ ಸಿಟ್ಟು! ಈ ಒಂದು ವಿಷಯ ಎತ್ತಿ ತೋರಿಸಿ ಬರೆದ್ರೆ, ಹತ್ತು ಕಾರಣ ಪಟ್ಟಿ ಮಾಡಿದವರಿಗಿಂತ ನಿಮ್ಮ ಪೇಪರ್ ಎಲ್ಲೋ ಇರುತ್ತೆ.

ಇನ್ನೊಂದು ನಮಗೆ ಹತ್ತಿರದ್ದು, 1923ರ ಭಗತ್ ಸಿಂಗ್ ಥಿಂಡ್ ಕೇಸು. ಥಿಂಡ್ ಪಂಜಾಬಿಂದ ಬಂದ ಒಬ್ಬ ಸಿಖ್, ಮೊದಲ ಮಹಾಯುದ್ಧದಲ್ಲಿ ಅಮೆರಿಕನ್ ಸೈನ್ಯದಲ್ಲಿ ಇದ್ದವರು, ಪೌರತ್ವ ಕೇಳಿದ್ರು. ಆಗಿನ ಕಾನೂನಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವ. ಈ ಕೇಸಿಗೆ ಕೆಲವೇ ತಿಂಗಳ ಮುಂಚೆ, 1922ರ ನವೆಂಬರಲ್ಲಿ, ಒಝಾವಾ ಅನ್ನೋ ಜಪಾನಿಯವರ ಕೇಸಲ್ಲಿ ಸುಪ್ರೀಂ ಕೋರ್ಟು ಬಿಳಿಯ ಅಂದ್ರೆ ಕಾಕೇಶಿಯನ್ (ಆಗಿನವರು ಯುರೋಪಿನವರನ್ನ ಸೇರಿಸ್ತಿದ್ದ ಜನಾಂಗದ ಹೆಸರು) ಅಂತ ಹೇಳಿ ಅವರಿಗೆ ಇಲ್ಲ ಅಂದಿತ್ತು. ಸರಿ, ಆ ಕಾಲದ ಜನಾಂಗಶಾಸ್ತ್ರದ ಲೆಕ್ಕದಲ್ಲಿ ಉತ್ತರ ಭಾರತದವರೂ ಕಾಕೇಶಿಯನ್ ಅಲ್ವಾ ಅಂತ ಥಿಂಡ್ ವಾದ. ಅದೇ ಜಸ್ಟಿಸ್ ಸದರ್ಲ್ಯಾಂಡ್ ಈಗ ಏನಂದ್ರು, ವಿಜ್ಞಾನ ಏನೇ ಹೇಳಲಿ, ಸಾಮಾನ್ಯ ಮನುಷ್ಯನ ತಿಳುವಳಿಕೆಯಲ್ಲಿ ಇವರು ಬಿಳಿಯರಲ್ಲ ಅಂದ್ರು. ಎರಡೂ ತೀರ್ಪು ಅಕ್ಕಪಕ್ಕ ಇಟ್ಕೊಂಡು ಓದಿದ್ರೆ ನಿಮಗೆ ಪೇಪರ್ ಬರೆಯೋಕೆ ಸರಕು ಸಿಕ್ಕಿದ ಹಾಗೆ.

ಆದ್ರೆ ಇಲ್ಲಿಗೇ ನಿಲ್ಲಬೇಡಿ. ನಮ್ಮವರು ಹೆಚ್ಚಾಗಿ ಇದನ್ನ "ಅಮೆರಿಕನ್ನರು ನಮಗೆ ಅನ್ಯಾಯ ಮಾಡಿದ್ರು" ಅಂತ ಬರೆದು ಮುಗಿಸ್ತಾರೆ. ಥಿಂಡ್ ಪರ ವಾದದ ಒಳಗೆ ಇಣುಕಿ ನೋಡಿ, ಅಲ್ಲಿ ಜಾತಿ ಇದೆ: ತಾವು ಮೇಲ್ಜಾತಿಯವರು, ಆರ್ಯರು, ಮದುವೆ ವಿಷಯದಲ್ಲಿ ಭಾರತದ ಮೂಲನಿವಾಸಿಗಳನ್ನ ಮೇಲ್ಜಾತಿಯವರು ನೋಡೋ ರೀತಿ ಅಮೆರಿಕದ ಬಿಳಿಯರು ಕಪ್ಪು ಜನರನ್ನ ನೋಡೋ ರೀತಿನೇ ಅಂತ. ಅಂದ್ರೆ ಜನಾಂಗಭೇದದ ಬಾಗಿಲು ತಪ್ಪು ಅಂತ ಯಾರೂ ಹೇಳ್ಲಿಲ್ಲ, ನಮ್ಮನ್ನೂ ಒಳಗೆ ಬಿಡಿ ಅಂದ್ರು. ಓದೋಕೆ ಮುಜುಗರ ಆಗುತ್ತೆ, ಆಗ್ಲಿ, ಒಳ್ಳೆ ಪೇಪರ್ ಹುಟ್ಟೋದು ಆ ಮುಜುಗರದ ಜಾಗದಲ್ಲೇ. ಈ ಬಾಗಿಲು ಸ್ವಲ್ಪ ತೆಗೆದಿದ್ದು 1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ, ಇಲ್ಲಿದ್ದ ಭಾರತೀಯರಿಗೆ ಪೌರತ್ವ ಸಿಗೋ ಹಾಗಾಯ್ತು, ಆದ್ರೆ ಹೊಸದಾಗಿ ವಲಸೆ ಬರೋಕೆ ವರ್ಷಕ್ಕೆ 100 ಜನಕ್ಕೆ ಮಾತ್ರ ಅವಕಾಶ. ಮೂಲ ದೇಶ ನೋಡಿ ಹಾಕಿದ್ದ ಆ ಹಳೇ ಕೋಟಾ ತೆಗೆದ 1965ರ ವಲಸೆ ಕಾಯ್ದೆ ಬರದಿದ್ರೆ ನಾವ್ಯಾರೂ ಇಲ್ಲಿ ಕೂತು ಡಿಗ್ರಿ ಪ್ಲಾನ್ ನೋಡ್ತಿರಲಿಲ್ಲ ಅನ್ಸುತ್ತೆ.

ಇದರಿಂದ ಥೀಸಿಸ್, ಅಂದ್ರೆ ನಿಮ್ಮ ಪೇಪರಿನ ಮುಖ್ಯ ವಾದ ಹೇಳೋ ಸಾಲು, ಹೇಗೆ ಮಾಡೋದು ಅಂತ ನೋಡಿ. "ಥಿಂಡ್ ಕೇಸು ಅಮೆರಿಕದ ಇತಿಹಾಸದಲ್ಲಿ ಒಂದು ಮುಖ್ಯ ಘಟನೆ" ಅನ್ನೋದು ಥೀಸಿಸ್ ಅಲ್ಲ, ಯಾರು ತಾನೇ ಇಲ್ಲ ಅಂತಾರೆ. "ಒಝಾವಾ ಮತ್ತು ಥಿಂಡ್ ತೀರ್ಪುಗಳನ್ನ ಒಟ್ಟಿಗೆ ನೋಡಿದ್ರೆ, ಕೋರ್ಟಿಗೆ ಬಿಳಿತನಕ್ಕೆ ಒಂದು ನಿಶ್ಚಿತ ಅಳತೆ ಇರಲಿಲ್ಲ, ಏಷ್ಯಾದವರನ್ನ ಹೊರಗಿಡೋಕೆ ಯಾವ ಅಳತೆ ಅನುಕೂಲವೋ ಅದನ್ನ ಹಿಡೀತು" ಅನ್ನೋದು ಥೀಸಿಸ್. ಇದಕ್ಕೆ ಒಬ್ಬ ಬುದ್ಧಿವಂತ "ಹಾಗಲ್ಲ ಕಣೋ" ಅಂತ ಎದುರು ವಾದ ಹೂಡಬಹುದು, ನೀವು ದಾಖಲೆ ತೋರಿಸಿ ಉತ್ತರ ಕೊಡಬಹುದು. ಎದುರು ವಾದ ಸಾಧ್ಯವೇ ಇಲ್ಲದ ಸಾಲು ಬರೆದಿದ್ರೆ ಅಳಿಸಿ ಇನ್ನೊಂದು ಬರೀರಿ. ಮತ್ತೆ ಥೀಸಿಸ್ ಮೊದಲನೇ ಪುಟದಲ್ಲೇ ಇರಬೇಕು, ಸಸ್ಪೆನ್ಸ್ ಸಿನಿಮಾ ತರ ಕೊನೇಲಿ ಬಿಚ್ಚಿಡೋದು ಬೇಡ.

ಇಸವಿಗಳ ವಿಷಯ. ಬಾಯಿಪಾಠ ಬೇಡ ಅಂದ್ರೆ ಇಸವಿನೇ ಬೇಡ ಅಂತಲ್ಲ, ಅದಿಲ್ಲದೆ ಯಾವುದು ಯಾವುದಕ್ಕೆ ಕಾರಣ ಅಂತ ಹೇಳೋಕೇ ಆಗಲ್ಲ. ಆದ್ರೆ ಬಿಡಿಬಿಡಿಯಾಗಿ ಉರು ಹೊಡೀಬೇಡಿ, ಸರಪಳಿ ಮಾಡಿ ನೆನಪಿಟ್ಕೊಳ್ಳಿ. ನನಗೆ ಇಷ್ಟವಾದ ಒಂದು ಸರಪಳಿ ಹೇಳ್ತೀನಿ. 1791ರಲ್ಲಿ ಈಗಿನ ಹೈಟಿಯಲ್ಲಿ, ಆಗ ಅದು ಫ್ರಾನ್ಸಿನ ಕೈಲಿದ್ದ ಸಕ್ಕರೆ ವಸಾಹತು, ಗುಲಾಮರು ದಂಗೆ ಎದ್ರು, 1804ಕ್ಕೆ ಸ್ವತಂತ್ರ ದೇಶವೇ ಆಯ್ತು. ಅದನ್ನ ವಾಪಸ್ ಹಿಡಿಯೋಕೆ ನೆಪೋಲಿಯನ್ ಕಳಿಸಿದ ಸೈನ್ಯ ಹಳದಿ ಜ್ವರಕ್ಕೂ ಯುದ್ಧಕ್ಕೂ ಸಿಕ್ಕಿ ಹಾಳಾಯ್ತು, ಆ ದ್ವೀಪವೇ ಇಲ್ಲದ ಮೇಲೆ ಅಮೆರಿಕದ ನೆಲ ಇಟ್ಕೊಂಡು ಏನು ಮಾಡೋದು ಅಂತ 1803ರಲ್ಲಿ ಲೂಸಿಯಾನಾ ಪ್ರದೇಶನ 1.5 ಕೋಟಿ ಡಾಲರಿಗೆ ಅಮೆರಿಕಕ್ಕೆ ಮಾರಿದ. ಅಷ್ಟೊತ್ತಿಗೆ 1793ರಲ್ಲಿ ಎಲೈ ವಿಟ್ನಿಯ, ಹತ್ತಿಯಿಂದ ಬೀಜ ಬೇರೆ ಮಾಡೋ ಯಂತ್ರ ಬಂದಿತ್ತು. ಹೊಸ ನೆಲ, ಹೊಸ ಯಂತ್ರ, ಮ್ಯಾಂಚೆಸ್ಟರ್ ಮಿಲ್ಲುಗಳ ಹಸಿವು, ಮೂರೂ ಸೇರಿ ದಕ್ಷಿಣದಲ್ಲಿ ಹತ್ತಿ ಹಬ್ಬಿತು, ಜೊತೆಗೆ ಗುಲಾಮಗಿರಿನೂ ಪಶ್ಚಿಮಕ್ಕೆ ಹಬ್ಬಿತು, 1830ರ ಕಾಯ್ದೆ ಮಾಡಿ ಚೆರೋಕಿ ಮುಂತಾದ ಬುಡಕಟ್ಟುಗಳನ್ನ ಅವರ ನೆಲದಿಂದ ಓಡಿಸಿದ್ರು. ಹೊಸ ರಾಜ್ಯಗಳಲ್ಲಿ ಗುಲಾಮಗಿರಿ ಇರಬೇಕಾ ಬೇಡವಾ ಅನ್ನೋ ಜಗಳ ಬೆಳೆದು ಬೆಳೆದು 1861ಕ್ಕೆ ಯುದ್ಧ.

ಸರಪಳಿ ಅಲ್ಲಿಗೆ ತುಂಡಾಗಲ್ಲ, ನೇರ ನಮ್ಮ ಧಾರವಾಡಕ್ಕೆ ಬರುತ್ತೆ. ಲಿಂಕನ್ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ ಮೇಲೆ ಇಂಗ್ಲೆಂಡಿಗೆ ಅಮೆರಿಕನ್ ಹತ್ತಿ ಹೋಗೋದು ನಿಂತಂಗಾಯ್ತು, ಲ್ಯಾಂಕಶೈರ್ ಮಿಲ್ಲುಗಳು ಬಾಗಿಲು ಹಾಕಿದ್ವು, ಅವರು ಕಣ್ಣು ಹಾಕಿದ್ದು ಈಜಿಪ್ಟ್ ಮತ್ತು ಇಂಡಿಯಾ ಮೇಲೆ. ಧಾರವಾಡ ಸೀಮೆಯಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ತಂದು ಬೆಳೆಸ್ತಿದ್ರು, ಆ ಹತ್ತಿಗೆ ಮಾರ್ಕೆಟಲ್ಲಿ ಧಾರವಾರ್-ಅಮೆರಿಕನ್ ಅಂತಲೇ ಹೆಸರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆನ ಮದ್ರಾಸ್ ಪ್ರಾಂತ್ಯದಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆ ಕಾರವಾರ ಬಂದರಿನಿಂದ ಈ ಹತ್ತಿ ಸಾಗಿಸೋ ಲೆಕ್ಕಾಚಾರವೂ ಇತ್ತು. 1865ರಲ್ಲಿ ಯುದ್ಧ ಮುಗೀತು, ಹತ್ತಿ ಬೆಲೆ ಬಿತ್ತು, ಹತ್ತಿ ದುಡ್ಡಿಂದ ಉಬ್ಬಿದ್ದ ಬಾಂಬೆಯ ಷೇರು ಮಾರ್ಕೆಟ್ಟೂ ನೆಲ ಕಚ್ಚಿತು. ನೋಡಿ, ಇಷ್ಟು ಇಸವಿ ಹೇಳಿದೆ, ಒಂದನ್ನೂ ಉರು ಹೊಡೆಯೋ ಅಗತ್ಯ ಬರಲಿಲ್ಲ. ಟರ್ಮ್ ಪೇಪರಿಗೆ ಟಾಪಿಕ್ ಹುಡುಕ್ತಿರೋ ಉತ್ತರ ಕರ್ನಾಟಕದವರು ಯಾರಾದ್ರೂ ಇದ್ರೆ ಇದನ್ನ ಎತ್ಕೊಳ್ಳಿ, ಸಿವಿಲ್ ವಾರ್ ಬಗ್ಗೆ ಎಲ್ಲರೂ ಗೆಟ್ಟಿಸ್‌ಬರ್ಗ್ ಕದನ ಅಂತ ಬರೀತಿರುವಾಗ ನೀವು ಧಾರವಾಡದ ಹತ್ತಿ ಅಂತ ಬರೆದ್ರೆ ಪ್ರೊಫೆಸರ್ ಕನ್ನಡಕ ಸರಿ ಮಾಡ್ಕೊಂಡು ಓದ್ತಾರೆ.

ಆದ್ರೆ ಒಂದು ಮಾತು, ಎಲ್ಲದಕ್ಕೂ ನಮ್ಮೂರನ್ನ ಎಳೆದು ತರಬೇಡಿ. ಅಮೆರಿಕನ್ ಕ್ರಾಂತಿಯ ಯುದ್ಧದಲ್ಲಿ ಯಾರ್ಕ್‌ಟೌನಲ್ಲಿ 1781ರಲ್ಲಿ ಸೋತು ಶರಣಾದ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸೇ 1792ರಲ್ಲಿ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕೈಯಿಂದ ಅರ್ಧ ರಾಜ್ಯ ಕಿತ್ಕೊಂಡಿದ್ದು, 1782ರಲ್ಲಿ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧನೌಕೆಗೆ ಹೈದರ್ ಆಲಿ ಹೆಸರಿಟ್ಟಿದ್ದು, ಇವೆಲ್ಲಾ ನಿಜವೇ, ಕೇಳೋಕೂ ಚೆನ್ನ. ಆದ್ರೆ ಅಮೆರಿಕನ್ ಕ್ರಾಂತಿಯ ಪೇಪರಲ್ಲಿ ಹೆಮ್ಮೆಗೆ ಅಂತ ತುರುಕಿದ್ರೆ ಪಕ್ಕದಲ್ಲಿ "ಸೋ ವಾಟ್" ಅಂತ ಕೆಂಪು ಇಂಕಲ್ಲಿ ಬರುತ್ತೆ. ಬ್ರಿಟನ್ ಆಗ ಒಂದೇ ಸಲಕ್ಕೆ ಎಷ್ಟು ಕಡೆ ಯುದ್ಧ ಮಾಡ್ತಿತ್ತು, ಅದರಿಂದ ಅಮೆರಿಕನ್ನರಿಗೆ ಏನು ಅನುಕೂಲ ಆಯ್ತು ಅನ್ನೋ ವಾದಕ್ಕೆ ಬಳಸಿದ್ರೆ ಮಾತ್ರ ಅದು ಕೆಲಸಕ್ಕೆ ಬರುತ್ತೆ. ಹಾಗೇ ನಮ್ಮ ಹಳೇ ಪಾಠದಲ್ಲಿದ್ದ "ರೆಡ್ ಇಂಡಿಯನ್", "ಕೊಲಂಬಸ್ ಅಮೆರಿಕ ಕಂಡುಹಿಡಿದ" ಇವೆರಡೂ ಪೇಪರಲ್ಲಿ ಬೇಡ, ಬುಡಕಟ್ಟಿನ ಹೆಸರು ಗೊತ್ತಿದ್ರೆ ಅದನ್ನೇ ಬರೀರಿ.

ಡಿಸ್ಕಷನ್ ಸೆಕ್ಷನಲ್ಲಿ (ಚಿಕ್ಕ ಗುಂಪಲ್ಲಿ ಚರ್ಚೆ ಮಾಡೋ ಕ್ಲಾಸು) ಬಾಯಿ ಬಿಡೋಕೆ ಭಯ ಅಂದ್ರೆ ಹಿಂದಿನ ರಾತ್ರಿ ಓದಿದ ದಾಖಲೆಯಿಂದ ಒಂದು ಸಾಲು ಗುರುತು ಹಾಕಿ, ಅದರ ಬಗ್ಗೆ ಒಂದು ಪ್ರಶ್ನೆ ಬರ್ಕೊಂಡು ಹೋಗಿ, ಕ್ಲಾಸ್ ಶುರುವಾಗಿ ಹತ್ತು ನಿಮಿಷದೊಳಗೆ ಕೇಳಿಬಿಡಿ, ಲೇಟ್ ಆದಷ್ಟೂ ಧೈರ್ಯ ಹೋಗುತ್ತೆ. ಆಫೀಸ್ ಅವರ್ಸಿಗೆ, ಅಂದ್ರೆ ಪ್ರೊಫೆಸರ್ ಸ್ಟೂಡೆಂಟ್ಸನ್ನ ನೋಡೋಕೆ ಅಂತಲೇ ಇಟ್ಟಿರೋ ಸಮಯಕ್ಕೆ, ಹೋಗಿ. ನಮ್ಮಲ್ಲಿ ಸ್ಟಾಫ್ ರೂಮಿಗೆ ಕರೆದ್ರೆ ಬೈಯ್ಯೋಕೆ ಅಂತಲೇ ಅರ್ಥ, ಇಲ್ಲಿ ಪ್ರೊಫೆಸರ್ ಬಾಗಿಲು ತೆಗೆದು ಕೂತಿರ್ತಾರೆ, ಒಬ್ಬರೂ ಬರಲ್ಲ. ಹೋಗುವಾಗ "ಸರ್, ಏನು ಬರೀಲಿ" ಅಂತ ಕೈ ಬೀಸ್ಕೊಂಡು ಹೋಗಬೇಡಿ, ಥೀಸಿಸ್ ಸಾಲು ಒಂದು ಕಾಗದದಲ್ಲಿ ಬರ್ಕೊಂಡು ಹೋಗಿ.

ಪೇಪರ್ ಬರೆಯುವಾಗ ಹಿಸ್ಟರಿಯವರು ಸಾಮಾನ್ಯವಾಗಿ ಕೇಳೋದು ಶಿಕಾಗೋ ಸ್ಟೈಲ್, ಅಂದ್ರೆ ಪುಟದ ಕೆಳಗೆ ಫುಟ್‌ನೋಟ್. ಓದಿದ ಪುಸ್ತಕಗಳ ವಿವರ ಇಟ್ಕೊಂಡು ಫುಟ್‌ನೋಟ್ ಹಾಕಿಕೊಡೋ ಜೊಟೆರೊ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಮೊದಲ ವಾರವೇ ಹಾಕ್ಕೊಳ್ಳಿ, ಕೊನೇ ರಾತ್ರಿ ಕೈಯಲ್ಲಿ ಟೈಪ್ ಮಾಡ್ತಾ ಕೂರೋದು ತಪ್ಪುತ್ತೆ. ಬೇರೆಯವರ ಸಾಲು ಕಾಪಿ ಮಾಡಿದ್ರೆ ಮಾತ್ರ ಅಲ್ಲ, ಅವರ ವಿಚಾರನ ನಿಮ್ಮ ಮಾತಲ್ಲಿ ಬರೆದ್ರೂ ಫುಟ್‌ನೋಟ್ ಬೇಕು, ಇದು ನಮ್ಮವರಿಗೆ ಹೊಸದು, ಗೈಡ್ ನೋಡಿ ಬರೆದು ಬೆಳೆದವರಲ್ವಾ. ಇಲ್ಲಿ ಸಿಕ್ಕಿಬಿದ್ರೆ ಸುಮ್ನೆ ಬೈದು ಬಿಡಲ್ಲ, ಕೋರ್ಸ್ ಫೇಲ್ ಆಗಬಹುದು. ಚಾಟ್‌ಬಾಟ್ ಬಳಸೋರಿಗೆ ಒಂದೇ ಮಾತು, ಅದು ಇಲ್ಲದ ಪುಸ್ತಕಗಳ ಹೆಸರು ಚೆನ್ನಾಗಿ ಜೋಡಿಸಿ ಕೊಡುತ್ತೆ, ಲೈಬ್ರರಿ ಕ್ಯಾಟಲಾಗಲ್ಲಿ ಹುಡುಕಿದ್ರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತೆ, ನಾವು ಹುಡುಕ್ತೀವಿ.

ಎಕ್ಸಾಮು. ಸುಮಾರು ಕಡೆ ಇನ್ನೂ ಬ್ಲೂ ಬುಕ್ಕಲ್ಲೇ ಕೈಯಲ್ಲಿ ಬರೀಬೇಕು, ನೀಲಿ ರಟ್ಟಿನ ತೆಳ್ಳನೆ ನೋಟ್‌ಬುಕ್, ಕೆಲವು ಕಡೆ ನೀವೇ ಕ್ಯಾಂಪಸ್ ಅಂಗಡೀಲಿ ಕೊಂಡು ತರಬೇಕು. ಐಡಿ ಅಂತ ಒಂದು ಭಾಗ ಇರುತ್ತೆ, ಒಂದು ಹೆಸರೋ ಘಟನೆಯೋ ಕೊಡ್ತಾರೆ, ಏನು, ಯಾರು, ಯಾವಾಗ, ಎಲ್ಲಿ ಅಂತ ಎರಡು ಸಾಲು ಬರೆದು ಉಳಿದ ಜಾಗ ಪೂರ್ತಿ ಅದು ಯಾಕೆ ಮುಖ್ಯ ಅನ್ನೋದಕ್ಕೆ ಕೊಡಿ, ಮಾರ್ಕ್ಸ್ ಇರೋದು ಅಲ್ಲಿ. "ಲೂಸಿಯಾನಾ ಪರ್ಚೇಸ್" ಬಂದ್ರೆ 1803, ಆಗಿನ ಅಧ್ಯಕ್ಷ ಜೆಫರ್ಸನ್, ನೆಪೋಲಿಯನ್ ಅಂತ ಒಂದೇ ಸಾಲಲ್ಲಿ ಮುಗಿಸಿ, ಹೈಟಿ ಮತ್ತು ಗುಲಾಮಗಿರಿ ಹಬ್ಬಿದ್ದರ ಕಡೆ ಹೋಗಿ. ದೊಡ್ಡ ಪ್ರಶ್ನೆಗೆ ಬರೆಯೋ ಮುಂಚೆ ಐದು ನಿಮಿಷ ಕೂತು ಹಿಂದಿನ ಪುಟದಲ್ಲಿ ಥೀಸಿಸ್, ಅದಕ್ಕೆ ಮೂರು ಸಾಕ್ಷಿ ಗೀಚ್ಕೊಳ್ಳಿ, ಪಕ್ಕದವನು ಆಗಲೇ ಎರಡನೇ ಪುಟಕ್ಕೆ ಹೋಗಿದ್ರೂ ತಲೆ ಕೆಡಿಸ್ಕೋಬೇಡಿ. ಅಡಿಷನಲ್ ಶೀಟ್ ಜಾಸ್ತಿ ತಗೊಂಡ್ರೆ ಮಾರ್ಕ್ಸ್ ಜಾಸ್ತಿ ಅನ್ನೋದು ನಮ್ಮ ಕಡೆಯ ನಂಬಿಕೆ, ಇಲ್ಲಿ ನಡೆಯಲ್ಲ.

ಗ್ರೇಡ್ ಕಮ್ಮಿ ಬಂತು ಅಂತ ಅವತ್ತೇ ರಾತ್ರಿ ಮೇಲ್ ಹಾಕಬೇಡಿ. ಮಾರ್ಜಿನಲ್ಲಿ ಬರೆದಿದ್ದನ್ನೆಲ್ಲಾ ಓದಿ, ಒಂದು ದಿನ ಬಿಟ್ಟು ಟಿಎ ಹತ್ರ ಹೋಗಿ "ಈ ಪ್ಯಾರಾದಲ್ಲಿ ಸಾಕ್ಷಿ ಸಾಲದು ಅಂದಿದೀರಲ್ಲ, ಯಾವ ತರದ ದಾಖಲೆ ಇದ್ರೆ ಸಾಕಿತ್ತು" ಅಂತ ಕೇಳಿ. ಎರಡು ಮಾರ್ಕ್ಸಿಗೆ ಚೌಕಾಸಿ ಮಾಡೋಕೆ ಬಂದವರಿಗಿಂತ ಇಂಥವರ ಮುಂದಿನ ಪೇಪರನ್ನ ನಾವು ಸ್ವಲ್ಪ ಹೆಚ್ಚು ಗಮನ ಕೊಟ್ಟೇ ಓದ್ತೀವಿ.